ಅಳತೆ ಕೊಟ್ಟು ತಗಡು ಕತ್ತರಿಸಿ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಹೋದ ಸುಗ್ಗೀಲಿ ನನ್ನ ಮೆಕ್ಕೆಜೋಳದ ಮಿಷಿನ್ನಿನ ತಳದ ತಗಡು ಹರಿಯಿತು. ಪೇಟೆಯ ವರ್ಕ್‌ಶಾಪಿನಲ್ಲಿ "ದೊಡ್ಡ ನಂಬರಿಂದು ಹಾಕಿ" ಅಂದೆ. 20 ಗೇಜ್ ಕತ್ತರಿಸಿಕೊಟ್ಟರು. ನಂಬರು ಏರಿದಷ್ಟೂ ತಗಡು ತೆಳು ಅಂತ ನನಗೇನು ಗೊತ್ತು? 16 ಗೇಜ್ ಸುಮಾರು 1.6 ಮಿಲಿಮೀಟರ್, 20 ಗೇಜ್ ಒಂದು ಮಿಲಿಮೀಟರೂ ಇಲ್ಲ. ಮೂರೇ ದಿನಕ್ಕೆ ಹರಿದು, ರಾಶಿ ಕಣದಲ್ಲೇ ಮಳೆಗೆ ನೆನೀತು. ತಪ್ಪು ನನ್ನದೇ.

ಈಗ ಹಳೇ ತುಂಡು ಒಯ್ಯುತ್ತೇನೆ. ಇಲ್ಲವೇ ರಟ್ಟಿನಲ್ಲಿ ಆಕಾರ ಕತ್ತರಿಸಿ, ದಪ್ಪವನ್ನು ಮಿಲಿಮೀಟರಿನಲ್ಲೇ ಬರೆದು ಕೊಡುತ್ತೇನೆ. ಪಿ.ವಿ.ಸಿ. ಹಾಳೆಯನ್ನು ಮಾತ್ರ ಲೇಸರ್‌ಗೆ ಕೊಡಬೇಡಿ, ವಿಷದ ಹೊಗೆ ಬರುತ್ತೆ. ಗರಗಸವೇ ಸಾಕು.

8 ಅಡಿಗೆ 4 ಅಡಿಯ ಹಾಳೆ ಒಬ್ಬನೇ ಕೊಂಡರೆ ಉಳಿದದ್ದು ದಂಡ. ನಾಲ್ಕೈದು ಜನರ ಅಳತೆ ಒಟ್ಟುಮಾಡಿ ಕಳಿಸೋಣ. ಸುಗ್ಗಿಗೆ ಮುಂಚೆಯೇ ಚೀಟಿ ಕಾರ್ಯದರ್ಶಿಗಳ ಕೈಗೆ ಕೊಡಿ.