ಖಡ್ಗದ ತವರು



ತುರ್ಕಿಯ ಆಟೊಮನ್ ಮಾದರಿಯ ಹಳೆಯ ಖಡ್ಗವೊಂದನ್ನು ಕಂಡಾಗ ನಾವು ಮೊದಲು ಕೇಳುವ ಪ್ರಶ್ನೆ: ಇದು ಯಾವ ದೇಶದ್ದು? ಶಬ್ದಗಳ ಮೂಲವನ್ನು ಅರಸುತ್ತಲೇ ಆಯುಷ್ಯ ಕಳೆದ ನನಗೆ ಈ ಪ್ರಶ್ನೆಯನ್ನು ಬಿಡಿಸಿ ಕೇಳಬೇಕೆಂದು ತೋರುತ್ತದೆ. ಒಂದೇ ಶಬ್ದದಲ್ಲಿ ಪ್ರಕೃತಿ ಒಂದು ಭಾಷೆಯದು, ಪ್ರತ್ಯಯ ಇನ್ನೊಂದರದು ಆಗಿರುವುದುಂಟು. ಹಾಗೆಯೇ ಖಡ್ಗದ ಆಕಾರ, ಬರಹ, ಲೋಹ, ಹಿಡಿಗಳಿಗೆ ಬೇರೆ ಬೇರೆ ತವರುಗಳಿರಬಹುದು.

ಮೊದಲು ಆಕಾರ. ತುರ್ಕರ ‘ಕಿಲಿಚ್’ ಬಾಗಿದ ಖಡ್ಗ. ಮೊನೆಯ ಸಮೀಪದಲ್ಲಿ ಅದರ ಅಲಗು ಅಗಲವಾಗಿ, ಬೆನ್ನಿನ ಕಡೆಯೂ ಹರಿತವಾಗುತ್ತದೆ. ಈ ಭಾಗಕ್ಕೆ ‘ಯಲ್ಮಾನ್’ ಎಂದು ಹೆಸರು. ಪಾರಸಿಕರ ‘ಶಂಶೀರ್’ ಆದರೋ ಮೊನೆಯತ್ತ ಕಿರಿದಾಗುತ್ತ ಹೋಗುತ್ತದೆ. ಗುರುತು ಸುಲಭವೆನಿಸಬಹುದು. ಆದರೆ ಆಕಾರಕ್ಕೂ ಕಾಲುಗಳಿವೆ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದನು. ಅಲ್ಲಿನ ಮಾಮಲೂಕರ ಖಡ್ಗಗಳಿಗೆ ಫ್ರೆಂಚ್ ಅಧಿಕಾರಿಗಳು ಮನಸೋತರು. 1831ರಲ್ಲಿ ಬ್ರಿಟಿಷ್ ಸೇನೆ ತನ್ನ ಜನರಲ್‌ಗಳಿಗೆ ಅದೇ ಮಾದರಿಯನ್ನು ಗೊತ್ತುಮಾಡಿತು. ನೋಡಲು ಪೌರ್ವಾತ್ಯವಾದ ಖಡ್ಗ ಯುರೋಪಿನ ಕುಲುಮೆಯಲ್ಲಿ ಹುಟ್ಟಿರಬಹುದು.

ಹಾಗಾದರೆ ಅಲಗಿನ ಮೇಲಿನ ಹೆಸರನ್ನು ನಂಬೋಣವೇ? ಇಸ್ಫಹಾನಿನ ಅಸದುಲ್ಲಾ ಎಂಬ ಕಮ್ಮಾರನ ಹೆಸರು ಎಷ್ಟೋ ಅಲಗುಗಳ ಮೇಲಿದೆ. ಅವುಗಳ ಕಾಲವೆಲ್ಲ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅಡಗುವಂಥದಲ್ಲ. ವ್ಯಕ್ತಿನಾಮವು ಕಾಲಕ್ರಮದಲ್ಲಿ ಶ್ರೇಷ್ಠತೆಯ ಮುದ್ರೆಯಾಯಿತು.

ಇನ್ನು ಲೋಹ. ಕೆಲವು ಅಲಗುಗಳಲ್ಲಿ ನೀರಿನ ಅಲೆಗಳಂತಹ ಗೆರೆಗಳು ಕಾಣುತ್ತವೆ. ಮೂಸೆಯಲ್ಲಿ ಕರಗಿಸಿದ ಉಕ್ಕಿನ ಲಕ್ಷಣವದು. ದಕ್ಷಿಣ ಭಾರತದ ಇಂತಹ ಉಕ್ಕು ಪಶ್ಚಿಮ ಏಷ್ಯಕ್ಕೆ ರಫ್ತಾಗುತ್ತಿತ್ತು. ಅದನ್ನು ಇಂಗ್ಲಿಷರು ‘ವೂಟ್ಸ್’ ಎಂದರು. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಈ ಹೆಸರಿದೆ. ಅದರ ಮೂಲ ನಮ್ಮ ‘ಉಕ್ಕು’ ಎಂಬ ಶಬ್ದವೇ ಎಂದು ಅನೇಕ ವಿದ್ವಾಂಸರ ಮತ. ಇದರಿಂದ ಹೆಮ್ಮೆಪಡೋಣ, ಆದರೆ ಅವಸರ ಬೇಡ. ಪರ್ಷಿಯ, ಮಧ್ಯ ಏಷ್ಯಗಳಲ್ಲಿಯೂ ಮೂಸೆಯ ಉಕ್ಕು ತಯಾರಾಗುತ್ತಿತ್ತು. ಗೆರೆ ಕಂಡ ಮಾತ್ರಕ್ಕೆ ಅಲಗು ನಮ್ಮದಾಗದು.

ಹಿಡಿಯಂತೂ ಒಡೆಯರೊಡನೆ ಬದಲಾಗುವಂಥದು. ಹಳೆಯ ಅಲಗಿಗೆ ಹೊಸ ಹಿಡಿ ಕೂಡಿಸುವುದು ಎಲ್ಲ ಕಡೆಯೂ ನಡೆದುಬಂದ ಪದ್ಧತಿ. ಅದನ್ನು ಕಲಬೆರಕೆಯೆಂದು ಕಿತ್ತೊಗೆಯುವವನು, ಹೊಳಪಿಗಾಗಿ ಅಲಗನ್ನು ಉಜ್ಜಿ ಗೆರೆಗಳನ್ನು ಅಳಿಸುವವನು, ಶಾಸನವನ್ನು ಓದುವ ಮೊದಲೇ ಅದರ ಅಕ್ಷರಗಳನ್ನು ಕೆತ್ತಿ ತೆಗೆದಂತೆ.

ಆದುದರಿಂದ ವಸ್ತುಸಂಗ್ರಹಾಲಯದ ಚೀಟಿಯ ಮೇಲೆ ಒಂದೇ ದೇಶದ ಹೆಸರಿಗೆ ಬದಲಾಗಿ, ಅಲಗು ಎಲ್ಲಿಯದು, ಹಿಡಿ ಎಲ್ಲಿಯದು, ಬರಹ ಯಾವ ಕಾಲದ್ದು ಎಂದು ಬಿಡಿಬಿಡಿಯಾಗಿ ಬರೆದರೆ ಖಡ್ಗದ ಬೆಲೆ ಕುಗ್ಗದು. ಅದು ಎಷ್ಟು ಕೈಗಳನ್ನು ದಾಟಿ ಬಂದಿತೆಂಬುದು ನಮಗೆ ತಿಳಿದೀತು.