ಬ್ರಹ್ಮಗಿರಿಯ ಶಿಲಾಸಮಾಧಿಗಳು



ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಅಶೋಕ ಚಕ್ರವರ್ತಿಯ ಶಾಸನದಿಂದಾಗಿ ವಿದಿತವಾದುದೇ ಸರಿ. ಬಿ. ಎಲ್. ರೈಸ್ ಅವರು ಅದನ್ನು 1892ರಲ್ಲಿ ಬೆಳಕಿಗೆ ತಂದರು. ಆದರೆ ಅದೇ ಗಿರಿಯ ತಪ್ಪಲಿನಲ್ಲಿ ಅಕ್ಷರವಿಲ್ಲದ ಸ್ಮಾರಕಗಳೂ ನೂರಾರಿವೆ. ವೃತ್ತಾಕಾರವಾಗಿ ಇಟ್ಟ ಗುಂಡುಕಲ್ಲುಗಳು, ನಡುವೆ ನೆಲದಲ್ಲಿ ಹುದುಗಿದ ಚಪ್ಪಡಿಕಲ್ಲಿನ ಕೋಣೆಗಳು. ನಾಡಿನ ಹಲವೆಡೆ ಜನರು ಇಂಥವನ್ನು ಪಾಂಡವರ ಮನೆ, ಮೋರೇರ ಮನೆ ಎಂದು ಕರೆಯುವುದುಂಟು. ವಾಸ್ತವದಲ್ಲಿ ಇವು ಕಬ್ಬಿಣದ ಬಳಕೆಯನ್ನು ಬಲ್ಲ ಪ್ರಾಚೀನ ಜನರು ತಮ್ಮವರಿಗಾಗಿ ಕಟ್ಟಿದ ಸಮಾಧಿಗಳು.

ಇಲ್ಲಿ ಮೊದಲು ಉತ್ಖನನ ನಡೆಸಿದವರು ಮೈಸೂರು ಪ್ರಾಕ್ತನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು. ತರುವಾಯ 1947ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಅಗೆಸಿದರು. ಕೋಣೆಯ ನಾಲ್ಕು ಚಪ್ಪಡಿಗಳು ಒಂದರ ಅಂಚು ಇನ್ನೊಂದನ್ನು ದಾಟುವಂತೆ, ಸ್ವಸ್ತಿಕದ ಕ್ರಮದಲ್ಲಿ ನಿಂತಿದ್ದವು. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಅವು ಒಳಕ್ಕೆ ಕುಸಿಯದಿರಲೆಂಬ ಜಾಣ್ಮೆಯದು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಒಬ್ಬರಿಗಿಂತ ಹೆಚ್ಚು ಮಂದಿಯ ಬಿಡಿ ಅಸ್ಥಿಗಳು. ದೇಹವನ್ನು ಬೇರೆಡೆ ಇರಿಸಿ, ಅನಂತರ ಅಸ್ಥಿಗಳನ್ನು ಆಯ್ದು ತಂದಿಟ್ಟರೆಂದು ಇದರಿಂದ ಊಹಿಸಬಹುದು.

ಇಂಥ ಸಮಾಧಿಗಳಲ್ಲಿ ನಿಕ್ಷೇಪವಿದೆಯೆಂದು ನಂಬಿ ರಾತ್ರೋರಾತ್ರಿ ಅಗೆಯುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಎಲ್ಲೋ ಒಂದೆರಡರಲ್ಲಿ ಚಿನ್ನದ ಮಣಿ ದೊರೆತುದೂ ಉಂಟು. ಆದರೆ ನಿಜವಾದ ನಿಕ್ಷೇಪವೆಂದರೆ ವಸ್ತುಗಳು ಇರುವ ಕ್ರಮ. ವೀಲರ್ ಅವರು ಸಮೀಪದ ಊರ ನಿವೇಶನವನ್ನೂ ಪದರಪದರವಾಗಿ ಬಿಡಿಸಿದರು. ತಳದಲ್ಲಿ ನುಣುಪು ಮಾಡಿದ ಕಲ್ಲುಕೊಡಲಿಯವರ ನೆಲೆ. ಅದರ ಮೇಲೆ ಸಮಾಧಿಯಲ್ಲಿದ್ದಂಥವೇ ಮಡಕೆಗಳು. ಅದಕ್ಕೂ ಮೇಲೆ ಶಾತವಾಹನರ ಕಾಲದ ಪದರ. ಹೀಗೆ ಸಮಾಧಿ ಕಟ್ಟಿದವರು ಯಾರ ಅನಂತರದವರು, ಯಾರಿಗಿಂತ ಹಿಂದಿನವರು ಎಂಬುದು ಸ್ಪಷ್ಟವಾಯಿತು.

ಅವರ ಕಾಲವನ್ನು ವೀಲರ್ ಅವರು ಕ್ರಿ.ಪೂ. 200ರಿಂದ ಈಚೆಗೆಂದು ಎಣಿಸಿದರು. ಆದರೆ 1965ರಲ್ಲಿ ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಉತ್ಖನನ ನಡೆದು, ಅಲ್ಲಿಯ ಇದ್ದಲಿನ ಪರೀಕ್ಷೆಯಿಂದ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಆಸುಪಾಸಿಗೆ ಹಿಂದೆ ಸರಿಯಿತು. ವರ್ಷದ ಲೆಕ್ಕ ತಪ್ಪಾಯಿತು. ಪದರಗಳ ಕ್ರಮ ಮಾತ್ರ ಕದಲಲಿಲ್ಲ. ಖಾತೆಯ ಪುಟಗಳು ಕ್ರಮವಾಗಿದ್ದರೆ ಕೂಡುವಲ್ಲಿ ಆದ ತಪ್ಪನ್ನು ಮುಂದಿನವರು ತಿದ್ದಬಲ್ಲರು. ಪುಟವೇ ಹರಿದುಹೋದರೆ ತಿದ್ದುವವರು ಯಾರು?

ಬಲ್ಲವರು ಅಗೆದರೂ ಸಮಾಧಿ ಮತ್ತೆ ಮೊದಲಿನಂತಾಗದು. ಆದ್ದರಿಂದಲೇ ಅವರು ಅಂಗುಲ ಅಂಗುಲವನ್ನೂ ಅಳೆದು, ಚಿತ್ರಿಸಿ, ಬರೆದಿಡುವರು. ಲೋಭದಿಂದ ಅಗೆದವನು ಏನನ್ನೂ ಉಳಿಸನು. ಹೆಸರನ್ನೂ ಬಿಟ್ಟುಹೋಗದ ಆ ಜನರು ತಮ್ಮವರ ಅಸ್ಥಿಗಳನ್ನು ಅಷ್ಟು ಜತನದಿಂದ ಕಲ್ಲಿನ ನಡುವೆ ಇಟ್ಟರು. ತಮ್ಮ ಹೊಲದ ಬದಿಯಲ್ಲಿ ಅಂಥ ಕಲ್ಲಿನ ವೃತ್ತ ಕಂಡವರು ಅದನ್ನು ಕೀಳದೆ, ಕೀಳಗೊಡದೆ, ಪುರಾತತ್ವ ಇಲಾಖೆಗೆ ತಿಳಿಸಿದರೆ ಸಾಕು. ಆ ಜತನಕ್ಕೆ ಅದೇ ಗೌರವ.