ಆಸ್ಪತ್ರೆಯಿಂದ ಮನೆಗೆ ಮರಳಿದವರ ವಿಷಯದಲ್ಲಿ ನಮ್ಮ ಕರ್ತವ್ಯ



ಮಂಗಳ ಮಹೋತ್ಸವದಲ್ಲಿ ಆತ್ಮಹತ್ಯೆಯ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಕೊಳವೆಬಾವಿಯನ್ನೂ ಸಾಲವನ್ನೂ ನಂಬಿ ಬಾಳುವ ಒಕ್ಕಲುಮಕ್ಕಳು ಅನೇಕರಿರುವುದರಿಂದ, ಇಲ್ಲಿ ಆಡದ ಮಾತನ್ನು ಮತ್ತೆಲ್ಲಿ ಆಡುವುದು?

ಪ್ರಾಣ ನೀಗಲು ಯತ್ನಿಸಿ ಮೊದಲ ಬಾರಿ ಆಸ್ಪತ್ರೆ ಸೇರಿದವನಿಗೆ ದೊರೆಯುವ ಕನಿಕರವು ಎರಡನೆಯ, ಮೂರನೆಯ ಬಾರಿಗೆ ದೊರೆಯುವುದಿಲ್ಲ. ‘ಇದೆಲ್ಲ ನಾಟಕ’ ಎಂದು ಬಂಧುಗಳೇ ಹೇಳಿಬಿಡುವರು. ವೈದ್ಯಶಾಸ್ತ್ರವು ಹೇಳುವುದು ಇದಕ್ಕೆ ತೀರ ವಿರುದ್ಧ. ಹಿಂದೆ ಯತ್ನಿಸಿದವರಿಗೇ ಅಪಾಯ ಹೆಚ್ಚು. ಅದರಲ್ಲಿಯೂ ಆಸ್ಪತ್ರೆಯಿಂದ ಹೊರಬಂದ ಮೊದಲ ಕೆಲವು ವಾರಗಳಲ್ಲಿ. ಗಂಡಾಂತರ ಕಳೆಯಿತೆಂದು ನಾವು ನಿಟ್ಟುಸಿರು ಬಿಡುವ ಹೊತ್ತೇ ಅದು!

ವಿಶ್ವ ಆರೋಗ್ಯ ಸಂಸ್ಥೆಯು ನೆರೆಯ ಚೆನ್ನೈ, ಕೊಲಂಬೊ ಮೊದಲಾದ 5 ಕಡೆ ಇಂತಹ 1,867 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲವು 2008ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ರೂಢಿಯ ಚಿಕಿತ್ಸೆ ಮಾತ್ರ. ಮತ್ತೊಂದಕ್ಕೆ ಅದರೊಡನೆ ಒಂದು ಗಂಟೆಯ ಸಮಾಧಾನದ ಮಾತುಕತೆ, ಬಳಿಕ 18 ತಿಂಗಳಲ್ಲಿ 9 ಬಾರಿ ಮನೆಯ ಭೇಟಿ ಇಲ್ಲವೆ ದೂರವಾಣಿಯ ವಿಚಾರಣೆ. ಮೊದಲ ಗುಂಪಿನಲ್ಲಿ ನೂರಕ್ಕೆ 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ, ಎರಡನೆಯದರಲ್ಲಿ 0.2 ಮಾತ್ರ. ಮತ್ತೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು: ಪುನಃ ಯತ್ನಿಸಿದವರ ಪ್ರಮಾಣವು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದಿತು. ಆದಕಾರಣ ‘ಇಷ್ಟು ಹೇಳಿದರೂ ಮತ್ತೆ ಮಾಡಿಕೊಂಡನಲ್ಲ’ ಎಂದು ಬೇಸತ್ತು ಹೋಗುವುದನ್ನು ನಿಲ್ಲಿಸಲಾಗದು. ಭೇಟಿಯು ವ್ಯರ್ಥವಾಯಿತೆಂದು ನಮಗೆ ತೋರುವಲ್ಲಿಯೂ ಅದು ಜೀವವನ್ನು ಹಿಡಿದಿರಬಹುದು.

ಭಕ್ತನ ಬಾಗಿಲಿಗೆ ತಾನೇ ನಡೆದುಹೋಗುವುದು ಜಂಗಮಧರ್ಮ. ಅದನ್ನು ನಮಗೆ ಚೆನ್ನೈಯವರು ಕಲಿಸಬೇಕಾಗಿಲ್ಲ. ಹೋದವರು ಪಾಪಪುಣ್ಯಗಳ ಉಪದೇಶವನ್ನು ಮಠದಲ್ಲಿಯೇ ಬಿಟ್ಟು ಹೋಗಲಿ. ಹೆಚ್ಚು ಕೇಳಲಿ, ಕಡಿಮೆ ಆಡಲಿ. ‘ಸಾಯಬೇಕೆಂಬ ಯೋಚನೆ ಮತ್ತೆ ಬರುತ್ತಿದೆಯೇ?’ ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬರುತ್ತಿದೆ ಎಂದರೆ ಒಬ್ಬರನ್ನೇ ಬಿಡದೆ ಜೊತೆಗೂಡಿ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಭೇಟಿಯು ಔಷಧಕ್ಕೆ ಬದಲಲ್ಲ, ಅದರ ಒಡನಾಡಿ.

ಪೋಲೀಸರಿಗೆ ಅಂಜಿ ಮುಚ್ಚಿಡುವ ಮನೆಗಳೂ ಉಂಟು. ಅಂತಹ ಯತ್ನವನ್ನು ತೀವ್ರ ಮನೋವೇದನೆಯ ಫಲವೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಯ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿಯೇ, ಹಣವಿಲ್ಲದೆ ಮಾತನಾಡಬಹುದು. ಹೋಗುವಾಗ ಈ ಸಂಖ್ಯೆಯನ್ನು ದೊಡ್ಡಕ್ಷರಗಳಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆ ಮನೆಯಲ್ಲಿಟ್ಟು ಬನ್ನಿರಿ.